ಅಜ್ಜಿ ಓದಲಾಗದ ಸಿಂಗಪುರ

ಕಳೆದ ದಸರಾ ರಜೆಗೆ ಚೆನ್ನೈನಿಂದ ಊರಿಗೆ ಹೊರಟಾಗ ನನ್ನ ಏಳು ವರ್ಷದ ಮಗಳು ತನ್ನ ಬ್ಯಾಗಿನಲ್ಲಿ, ಬಟ್ಟೆಗಳ ಮಡಿಕೆಯ ನಡುವೆ ಒಂದು ಪುಸ್ತಕ ಇಟ್ಟುಕೊಂಡಿದ್ದಳು. ಅವಳೇ ಬರೆದು, ಚಿತ್ರ ಬಿಡಿಸಿ, ಅಮ್ಮನ ಸಹಾಯದಿಂದ ಸೂಜಿ ದಾರ ಹಾಕಿ ಹೊಲಿದ ಪುಸ್ತಕ. ಬೇಸಿಗೆ ರಜೆಯಲ್ಲಿ ನಾವು ಮೂವರೂ ಸಿಂಗಪುರಕ್ಕೆ ಹೋಗಿಬಂದ ಐದು ದಿನಗಳ ಕಥೆ ಅದರಲ್ಲಿತ್ತು. ದಾರಿಯುದ್ದಕ್ಕೂ ಒಂದೇ ಮಾತು: 'ಇದನ್ನ ಅಜ್ಜಿಗೆ ತೋರಿಸಬೇಕು.'

ನಮ್ಮದು ಅರಸೀಕೆರೆ ಹತ್ತಿರದ ಹಳ್ಳಿ. ನನ್ನಮ್ಮ ಓದಿದ್ದು ಏಳನೇ ತರಗತಿವರೆಗೆ. ಆದರೆ ಪೇಪರ್ ಬಂದರೆ ಮೊದಲ ಪುಟದ ತಲೆಬರಹದಿಂದ ಕೊನೆಯ ಪುಟದ ಟೆಂಡರ್ ಜಾಹೀರಾತಿನವರೆಗೆ ಬಿಡದೆ ಓದುವ ಹೆಂಗಸು. ನನಗೆ ಅಕ್ಷರ ಕಲಿಸಿದ್ದು ಶಾಲೆಯಲ್ಲ, ಅಡುಗೆಮನೆಯ ನೆಲದ ಮೇಲೆ ರಾಗಿಹಿಟ್ಟು ಹರಡಿ ಬೆರಳು ಹಿಡಿದು ತಿದ್ದಿಸಿದ ಈಕೆ.

ಮೊಮ್ಮಗಳು ಪುಸ್ತಕ ಕೈಗಿಟ್ಟಾಗ ಅಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಜಗುಲಿಯಲ್ಲಿ ಕೂತಳು. ವಿಮಾನದ ಕಿಟಕಿಯ ಚಿತ್ರ ನೋಡಿ ನಕ್ಕಳು. ನಂತರ ಚಿತ್ರದ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು, 'ಇಲ್ಲೇನಮ್ಮಾ ಬರ್ದಿದೀಯ?' ಅಂದಳು. ಮಗಳು ಇಂಗ್ಲಿಷಿನಲ್ಲಿ ಓದಿದಳು. 'ಕನ್ನಡದಲ್ಲಿ ಹೇಳು ಮಗ' ಅಂದಾಗ ತಡವರಿಸುತ್ತ ಹೇಳತೊಡಗಿದಳು. ನಾಲ್ಕನೇ ಪುಟದಲ್ಲಿ ಒಂದು ಪ್ರಾಣಿಯ ಹತ್ತಿರ ಸಿಕ್ಕಿಬಿದ್ದಳು. 'ಅದು ಒಂಥರಾ ಡಾಗ್ ಅಜ್ಜಿ, ಆದ್ರೆ ವಾಟರ್‌ನಲ್ಲಿ ಇರುತ್ತೆ.'

'ನೀರುನಾಯಿ ಅನ್ನು' ಅಂದಳು ಅಮ್ಮ.

ಐದನೇ ಪುಟಕ್ಕೆ ಮಗಳಿಗೆ ಸಾಕಾಯಿತು. ಕೊಟ್ಟಿಗೆಯ ಕರು ನೋಡಲು ಓಡಿದಳು. ಉಳಿದ ಪುಟಗಳನ್ನು ಅಮ್ಮ ಒಬ್ಬಳೇ ತಿರುವಿದಳು. ಓದಬಲ್ಲವರು ಓದುವ ಹಾಗೆಯೇ ಪ್ರತಿ ಸಾಲಿನ ಮೇಲೂ ಬೆರಳಾಡಿಸಿದಳು. ಕೊನೆಗೆ ಪುಸ್ತಕ ಮುಚ್ಚಿ, ದೇವರ ಗೂಡಿನ ಪಕ್ಕದಲ್ಲಿಟ್ಟು ಹೇಳಿದಳು: 'ಚೆನ್ನಾಗ್ ಮಾಡಿದಾಳೆ ಕಣೋ. ನನಗೇ ಓದಕ್ಕೆ ಬರಲ್ಲ ಅಷ್ಟೆ.'

ನನಗೆ ಓದು ಕಲಿಸಿದವಳ ಬಾಯಲ್ಲಿ ಆ ಮಾತು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

* * *

ಈ ಪುಸ್ತಕದ ಕಥೆ ಶುರುವಾಗಿದ್ದು ಅದಕ್ಕೂ ಹಿಂದಿನ ಜನವರಿಯಲ್ಲಿ. ಪೊಂಗಲ್ ಸಮಯದಲ್ಲಿ ಚೆನ್ನೈನಲ್ಲಿ ದೊಡ್ಡ ಪುಸ್ತಕ ಮೇಳ ನಡೆಯುತ್ತದೆ. ಅಲ್ಲಿರುವ ಕನ್ನಡಿಗರಿಗೆ ಗೊತ್ತೇ ಇರುತ್ತದೆ. ಒಂದು ಮಳಿಗೆಯಲ್ಲಿ ಹಳೆಯ ವಿದೇಶಿ ಪುಸ್ತಕಗಳನ್ನು ರಾಶಿ ಹಾಕಿದ್ದರು. ಆ ರಾಶಿಯಿಂದ ಮಗಳು ಎಳೆದದ್ದು 'ದಿಸ್ ಈಸ್ ಲಂಡನ್' ಎಂಬ ಎತ್ತರದ, ತೆಳ್ಳನೆಯ ಚಿತ್ರಪುಸ್ತಕ. ಬರೆದು ಚಿತ್ರಿಸಿದವರು ಮಿರೊಸ್ಲಾವ್ ಷಾಷೆಕ್.

ಮೊದಲ ಪುಟ ತೆರೆದರೆ ಬರೀ ಬೂದು ಬಣ್ಣ. ಲಂಡನ್ ಅಂದರೆ ಮಂಜು, ಏನೂ ಕಾಣುವುದಿಲ್ಲ ಎಂಬ ತಮಾಷೆ ಅದು. ಪುಟ ತಿರುಗಿಸಿದರೆ ಮಂಜು ಸರಿದು ಊರು ಕಾಣುತ್ತದೆ. ಕೆಂಪು ಡಬಲ್ ಡೆಕರ್ ಬಸ್, ನೆಲದಡಿಯ ರೈಲು, ಪೊಲೀಸ್, ಕಾವಲು ಸೈನಿಕರು. ಮಗಳು ಆ ಬೂದು ಪುಟವನ್ನು ಹಿಂದೆ ಮುಂದೆ ಹತ್ತು ಸಲ ತಿರುಗಿಸಿ ನಕ್ಕಳು. ಚಿತ್ರಪುಸ್ತಕದಲ್ಲಿ ಪುಟ ತಿರುಗಿಸುವುದೂ ಕಥೆಯ ಒಂದು ಭಾಗ ಎಂದು ನನಗೆ ಅವತ್ತು ಗೊತ್ತಾಯಿತು.

ಷಾಷೆಕ್ ಯಾರು ಎಂದು ಹುಡುಕಿದೆ. 1916ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದವರು, ಓದಿದ್ದು ವಾಸ್ತುಶಿಲ್ಪ. 1948ರಲ್ಲಿ ಜೆಕೊಸ್ಲೊವಾಕಿಯಾದಲ್ಲಿ ಕಮ್ಯುನಿಸ್ಟ್ ಆಡಳಿತ ಬಂದ ಮೇಲೆ ದೇಶ ಬಿಟ್ಟರು. ಮ್ಯೂನಿಕ್‌ನಲ್ಲಿ ರೇಡಿಯೊ ಫ್ರೀ ಯುರೋಪ್‌ನಲ್ಲಿ ಕೆಲವು ವರ್ಷ ದುಡಿದರು. ಒಮ್ಮೆ ಪ್ಯಾರಿಸ್‌ಗೆ ರಜೆಗೆ ಹೋದಾಗ ಅವರಿಗೆ ಒಂದು ದೃಶ್ಯ ಕಂಡಿತಂತೆ. ಪ್ರವಾಸಕ್ಕೆ ಬಂದ ಅಪ್ಪ ಅಮ್ಮಂದಿರು ಗೈಡ್ ಪುಸ್ತಕದಲ್ಲಿ ಮುಳುಗಿದ್ದಾರೆ. ಪಕ್ಕದಲ್ಲಿರುವ ಮಕ್ಕಳ ಪ್ರಶ್ನೆಗೆ ಉತ್ತರ ಹೇಳುವವರಿಲ್ಲ. ಆ ಮಕ್ಕಳಿಗಾಗಿ ಮಾಡಿದ್ದೇ 1959ರ 'ದಿಸ್ ಈಸ್ ಪ್ಯಾರಿಸ್'. ಅದೇ ವರ್ಷ ಲಂಡನ್ ಬಂತು. ನಂತರ ರೋಮ್, ನ್ಯೂಯಾರ್ಕ್, ವೆನಿಸ್, ಹಾಂಗ್‌ಕಾಂಗ್, ಆಸ್ಟ್ರೇಲಿಯಾ ಹೀಗೆ 1974ರವರೆಗೆ ಒಟ್ಟು 18 ಪುಸ್ತಕಗಳು. ಈಗ ಅವು ಮರುಮುದ್ರಣಗೊಂಡಿವೆ. ಹಳೆಯ ಚಿತ್ರಗಳನ್ನು ಹಾಗೇ ಉಳಿಸಿಕೊಂಡು, ಆಮೇಲೆ ಬದಲಾದ ಸಂಗತಿಗಳನ್ನು ಕೊನೆಯ ಪುಟದಲ್ಲಿ ತಿದ್ದುಪಡಿಯಾಗಿ ಕೊಟ್ಟಿದ್ದಾರೆ.

ಆ ಗೈಡ್ ಪುಸ್ತಕದ ಜಾಗದಲ್ಲಿ ಮೊಬೈಲ್ ಇಟ್ಟು ನೋಡಿ. ಆ ಅಪ್ಪ ಅಮ್ಮಂದಿರು ನಾವೇ.

ಷಾಷೆಕ್ ಪುಸ್ತಕಗಳ ಗುಣವೆಂದರೆ ಅವು ಪಾಠ ಹೇಳುವುದಿಲ್ಲ. ಪ್ರಸಿದ್ಧ ಕಟ್ಟಡಕ್ಕೆ ಎಷ್ಟು ಮರ್ಯಾದೆಯೋ ಬೀದಿಯ ಬೆಕ್ಕಿಗೂ ಅಷ್ಟೇ ಮರ್ಯಾದೆ. ಮಗುವಿನ ಕಣ್ಣು ಊರನ್ನು ನೋಡುವುದೂ ಹಾಗೇ ಅಲ್ಲವೆ? ನಾವು ಸಾವಿರಾರು ರೂಪಾಯಿ ಟಿಕೆಟ್ ಕೊಟ್ಟು ಗೋಪುರ ತೋರಿಸಿದರೆ ಅದು ಕೆಳಗಿನ ಪಾರಿವಾಳ ಎಣಿಸುತ್ತಿರುತ್ತದೆ.

* * *

ಮೇ ತಿಂಗಳಲ್ಲಿ ಸಿಂಗಪುರಕ್ಕೆ ಹೋದೆವು. ಚೆನ್ನೈನಿಂದ ನಾಲ್ಕು ಗಂಟೆ ಚಿಲ್ಲರೆ ಹಾರಾಟ. ನಮ್ಮ ಮನೆಯಲ್ಲಿ ಮೊದಲ ಸಲ ವಿದೇಶಕ್ಕೆ ಹೋದವರು ನಾವೇ. ಪಾಸ್‌ಪೋರ್ಟ್, ವೀಸಾ, ಡಾಲರ್ ಲೆಕ್ಕ ಎಲ್ಲ ನನ್ನ ಪಾಲಿಗೆ. ಮಗಳ ಪಾಲಿಗೆ ಒಂದು ಸ್ಕೆಚ್ ಪುಸ್ತಕ ಮತ್ತು ಹನ್ನೆರಡು ಬಣ್ಣದ ಪೆನ್ಸಿಲ್. ದಿನಕ್ಕೆ ನಾಲ್ಕೈದು ಚಿತ್ರ, ರಾತ್ರಿ ಮಲಗುವ ಮುಂಚೆ ಒಂದೊಂದು ಸಾಲು. ಇಷ್ಟೇ ಒಪ್ಪಂದ.

ನಾನು ನೋಡಿದ ಸಿಂಗಪುರಕ್ಕೂ ಅವಳು ಬರೆದ ಸಿಂಗಪುರಕ್ಕೂ ಬಹಳ ವ್ಯತ್ಯಾಸವಿತ್ತು. ಚಾಂಗಿ ವಿಮಾನ ನಿಲ್ದಾಣದ ಕಟ್ಟಡದೊಳಗೆ 40 ಮೀಟರ್ ಎತ್ತರದಿಂದ ಸುರಿಯುವ ಜಲಪಾತವನ್ನು ನಾನು ವಿಡಿಯೊ ಮಾಡುತ್ತಿದ್ದೆ. ಅವಳು ಅದರ ಪಕ್ಕದಲ್ಲಿ ಬಾಯಿ ತೆರೆದು ಮಲಗಿದ್ದ ಒಬ್ಬ ಪ್ರಯಾಣಿಕನನ್ನು ಬಿಡಿಸಿದಳು. ಗಾರ್ಡನ್ಸ್ ಬೈ ದ ಬೇ ಎಂಬಲ್ಲಿ 25ರಿಂದ 50 ಮೀಟರ್ ಎತ್ತರದ 18 ಕಬ್ಬಿಣ–ಕಾಂಕ್ರೀಟಿನ ಮರಗಳಿವೆ, ಮೈತುಂಬ ನಿಜವಾದ ಬಳ್ಳಿ, ಗಿಡ. ಅವಳ ಚಿತ್ರದಲ್ಲಿ ಆ ಮರದ ಬುಡದಲ್ಲಿ ಚಪ್ಪಲಿ ಕಿತ್ತುಹೋಗಿ ನಿಂತ ಅಪ್ಪ ಇದ್ದ. ನದಿಯ ದಡದಲ್ಲಿ ನೀರುನಾಯಿಗಳ ಒಂದು ಸಂಸಾರ ಕಂಡಿತು. ಅದಕ್ಕೆ ಎರಡು ಪುಟ.

ಹಾಕರ್ ಸೆಂಟರ್ ಎಂದು ಕರೆಯುವ ಊಟದ ಅಂಗಳದಲ್ಲಿ ಖಾಲಿ ಮೇಜಿನ ಮೇಲೆ ಒಂದು ಪುಟ್ಟ ಟಿಶ್ಯೂ ಪೊಟ್ಟಣ ಇತ್ತು. ಮಗಳು ಕೂರಲು ಹೋದಾಗ ಪಕ್ಕದವರು ನಗುತ್ತ ತಡೆದರು. ಅದು ಯಾರೋ ಸೀಟು ಹಿಡಿದಿಟ್ಟ ಗುರುತಂತೆ. ಇದನ್ನೂ ಬರೆದಳು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ನಮ್ಮ ಜನಕ್ಕೆ ಇದನ್ನು ವಿವರಿಸಬೇಕಾಗಿಲ್ಲ.

ಮೂರನೇ ದಿನ ಒಂದು ಕಾಮಗಾರಿ ನಡೆಯುವ ಜಾಗದ ಬೇಲಿಯಲ್ಲಿ ಅಪಾಯದ ಫಲಕ ಇತ್ತು. ಇಂಗ್ಲಿಷ್, ಮಲಯ, ಚೀನೀ, ತಮಿಳು, ಆ ದೇಶದ ನಾಲ್ಕೂ ಅಧಿಕೃತ ಭಾಷೆಗಳು. ಮಗಳು ಚೆನ್ನೈನ ಶಾಲೆಯಲ್ಲಿ ತಮಿಳು ಕಲಿಯುತ್ತಾಳೆ. ಜೋರಾಗಿ ಓದಿ ಕುಣಿದಳು. ಆಮೇಲೆ ಫಲಕವನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ನೋಡಿ ಕೇಳಿದಳು: 'ಅಪ್ಪಾ, ಇದರಲ್ಲಿ ನಮ್ಮ ಭಾಷೆ ಯಾವುದು?'

'ನಮ್ಮದು ಇಲ್ಲ ಪುಟ್ಟಿ' ಅಂದೆ. 'ಇದ್ದಿದ್ದರೂ ನಿನಗೆ ಓದಲು ಬರುತ್ತಿರಲಿಲ್ಲ' ಎಂದು ಹೇಳಲಿಲ್ಲ. ಆ ಫಲಕದ ಚಿತ್ರವೂ ಪುಸ್ತಕದಲ್ಲಿದೆ.

ಜೂನ್‌ನಲ್ಲಿ ಶಾಲೆಯ ರಜೆಯ ಮನೆಗೆಲಸವಾಗಿ ಪುಸ್ತಕ ಸಿದ್ಧವಾಯಿತು. ಟೀಚರ್ ಮೆಚ್ಚಿದರು. ಸಂಬಂಧಿಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಬ್ಬೆರಳುಗಳು ಬಂದವು. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ ಎಂಬುದು ಆ ನಾಲ್ಕು ತಿಂಗಳಲ್ಲಿ ನಮ್ಮ ಯಾರ ತಲೆಗೂ ಹೊಳೆಯಲಿಲ್ಲ.

* * *

ದಸರಾ ಮುಗಿಸಿ ಚೆನ್ನೈಗೆ ಮರಳಿದ ಮೇಲೆ ಹೆಂಡತಿಯ ಹತ್ತಿರ ಈ ವಿಷಯ ಹೇಳಿಕೊಂಡೆ. ಕೆಲಸದ ಒತ್ತಡ, ತಮಿಳು, ಹಿಂದಿ, ಇಂಗ್ಲಿಷ್ ಮೂರು ಲಿಪಿಯ ಹೊರೆ, ಕನ್ನಡವನ್ನು ಮನೆಯಲ್ಲಿ ಮಾತಾಡುತ್ತೇವಲ್ಲ ಎಂಬ ಸಮಾಧಾನ, ಎಲ್ಲ ಸಬೂಬನ್ನೂ ಸಾಲಾಗಿ ಇಟ್ಟೆ. ಅವಳು ಕೇಳಿದಳು: 'ಆಫೀಸಿನಲ್ಲಿ ನೀವು ಮಾಡೋ ಕೆಲಸ ಏನು?'

ನನ್ನ ಕೆಲಸ ತಂತ್ರಾಂಶಗಳನ್ನು ಬೇರೆ ಬೇರೆ ಭಾಷೆಗಳಿಗೆ ಸಿದ್ಧಗೊಳಿಸುವುದು. ಯಾವ ದೇಶದ ಗ್ರಾಹಕನಿಗೆ ತನ್ನ ಭಾಷೆಯಲ್ಲಿ ಗುಂಡಿ, ಸೂಚನೆ, ದಿನಾಂಕ ಸರಿಯಾಗಿ ಕಾಣದಿದ್ದರೂ ದೂರು ನನ್ನ ತಂಡಕ್ಕೆ ಬರುತ್ತದೆ. ಹತ್ತು ವರ್ಷದಿಂದ ಇದಕ್ಕೇ ಸಂಬಳ. ಜಪಾನಿನ ಯಾರೋ ಗ್ರಾಹಕನ ಬಗ್ಗೆ ಇದ್ದ ಕಾಳಜಿ ಅರಸೀಕೆರೆಯ ಗ್ರಾಹಕಿಯ ಬಗ್ಗೆ ಇರಲಿಲ್ಲ. ಅವಳು ದೂರು ಕೊಡುವವಳೂ ಅಲ್ಲ. 'ನನಗೇ ಓದಕ್ಕೆ ಬರಲ್ಲ' ಎಂದು ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುವವಳು.

ಆ ಶನಿವಾರವೇ ಕನ್ನಡ ಆವೃತ್ತಿ ಶುರುವಾಯಿತು. ಟೈಪ್ ಮಾಡಿ ಅಂಟಿಸಿದರೆ ಒಂದು ಗಂಟೆಯ ಕೆಲಸ. ಆದರೆ ಮಗಳು ಒಪ್ಪಲಿಲ್ಲ. 'ನನ್ನ ಬುಕ್ ನಾನೇ ಬರೀಬೇಕು' ಅಂದಳು. ಸರಿ, ಅವಳು ಹೇಳಿದ ಕನ್ನಡವನ್ನು ನಾನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಒಟ್ಟು ಇನ್ನೂರು ಚಿಲ್ಲರೆ ಪದ. ಎಂಜಿನಿಯರ್ ಬುದ್ಧಿ, ಒಂದು ಪುಟ್ಟ ಪ್ರೋಗ್ರಾಂ ಬರೆದು ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂದು ಎಣಿಸಿದೆ. ಋ, ಙ, ಞ ಒಂದು ಸಲವೂ ಇಲ್ಲ. ಮಹಾಪ್ರಾಣಗಳು ಬೆರಳೆಣಿಕೆಯಷ್ಟು. ಹಾಗಾಗಿ ವರ್ಣಮಾಲೆಯನ್ನು ಅ ಆ ಇ ಈ ಎಂದು ಶುರು ಮಾಡಲೇ ಇಲ್ಲ. ಹೆಚ್ಚು ಬಳಕೆಯಲ್ಲಿದ್ದ ರ, ನ, ದ, ಲ, ಗಳಿಂದ ಹೊರಟೆವು. ಪುಟಕ್ಕೆ ಬೇಕಾದ ಅಕ್ಷರವನ್ನು ಆ ಪುಟ ಬಂದಾಗ ಕಲಿತರಾಯಿತು.

ತಮಿಳು ಲಿಪಿ ಗೊತ್ತಿದ್ದದ್ದು ಉಪಕಾರವೂ ಆಯಿತು, ತಮಾಷೆಯೂ ಆಯಿತು. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪ, ಬ ಕೂಡ ಹಾಗೇ. 'ಒಂದೇ ಸಾಕಲ್ವಾ ಅಪ್ಪಾ, ಎರಡು ಯಾಕೆ?' ಎಂದು ವಾದ. ಮೊದಲ ಕರಡಿನಲ್ಲಿ ನಾವು ಬಸ್ ಬದಲು 'ಪಸ್' ಹತ್ತಿದ್ದೆವು. ತಮಿಳಿನಲ್ಲಿ ಒತ್ತಕ್ಷರದ ಬದಲು ಅಕ್ಷರದ ತಲೆಯ ಮೇಲೆ ಚುಕ್ಕಿ ಇಡುತ್ತಾರೆ. ಅವಳೂ 'ಅಪ್ಪ' ಬರೆಯಲು ಎರಡು ಪ ಪಕ್ಕಪಕ್ಕ ಇಟ್ಟು ಒಂದರ ನೆತ್ತಿಗೆ ಚುಕ್ಕಿ ಇಟ್ಟಳು. ಒತ್ತಕ್ಷರ ಕೆಳಗೆ ಬರುತ್ತದೆ ಎಂದು ತೋರಿಸಿದಾಗ, 'ಓ, ಅಪ್ಪನ ಕಾಲು ಹಿಡ್ಕೊಂಡು ಪಾಪು ಕೂತಿದೆ' ಅಂದಳು. ಆಮೇಲೆ ಒತ್ತಕ್ಷರ ಮರೆಯಲಿಲ್ಲ.

ಇಂಗ್ಲಿಷ್ ಸಾಲುಗಳ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸಿ ಅದರ ಮೇಲೆ ಬರೆದಳು. ವಾರಕ್ಕೆ ಎರಡು, ಮೂರು ಪುಟ. ಎರಡು ಸಲ ನನ್ನ ರಿಲೀಸ್ ಕೆಲಸದ ಗಲಾಟೆಯಲ್ಲಿ ವಾರಗಟ್ಟಲೆ ನಿಂತುಹೋಯಿತು. ಒಂದು ಸಲ ಅವಳೇ ಪೆನ್ಸಿಲ್ ಎಸೆದು ಅತ್ತಳು. ಏಳು ವರ್ಷ ನಾನು ಮಾಡದೇ ಉಳಿಸಿದ ಕೆಲಸವನ್ನು ಈ ಮಗು ಶನಿವಾರಗಳಲ್ಲಿ ತೀರಿಸುತ್ತಿದೆ ಎಂದು ಆಗ ಬಹಳ ಅನ್ನಿಸಿತು. ಒಂದು ವಾರ ಬಿಟ್ಟು ಅವಳೇ ಮತ್ತೆ ಪುಸ್ತಕ ತೆಗೆದಳು. ನೀರುನಾಯಿಯ ಪುಟ ಬಾಕಿ ಇತ್ತಲ್ಲ, ಅದಕ್ಕೆ.

* * *

ಸಂಕ್ರಾಂತಿಗೆ ಊರಿಗೆ ಹೋದೆವು. ಅದೇ ಜಗುಲಿ, ಅದೇ ಕನ್ನಡಕ. ಅಮ್ಮ ಪುಸ್ತಕ ತೆರೆದು ಮೊದಲ ಸಾಲಿನ ಮೇಲೆ ಬೆರಳಿಟ್ಟು, ಪೇಪರ್ ಓದುವ ದನಿಯಲ್ಲೇ ಜೋರಾಗಿ ಓದತೊಡಗಿದಳು. ಎಳ್ಳು ಬೀರಲು ಬಂದಿದ್ದ ಪಕ್ಕದ ಮನೆಯವರೂ ಕೂತು ಕೇಳಿದರು. ಟಿಶ್ಯೂ ಪೊಟ್ಟಣದ ಪುಟಕ್ಕೆ ಎಲ್ಲರೂ ನಕ್ಕರು. ನೀರುನಾಯಿಯ ಪುಟದಲ್ಲಿ ಅಮ್ಮ ನಿಂತಳು. 'ನೀರುನಯಿ ಅಂತ ಆಗಿದೆ, ದೀರ್ಘ ಬಿಟ್ಟಿದೀಯ ನೋಡು' ಎಂದು ಪೆನ್ಸಿಲ್ ಕೊಟ್ಟಳು. ಮಗಳು ಅಲ್ಲೇ ದೀರ್ಘ ಹಾಕಿದಳು. ಇಪ್ಪತ್ತೆಂಟು ವರ್ಷದ ಹಿಂದೆ ರಾಗಿಹಿಟ್ಟಿನಲ್ಲಿ ನಾನು ಬಿಟ್ಟ ದೀರ್ಘಗಳು ನೆನಪಾದವು. ನಾನು ಎದ್ದು ಹಿತ್ತಿಲ ಕಡೆ ಹೋದೆ.

ಪುಸ್ತಕದ ಎಡ ಪುಟಗಳು ಖಾಲಿ ಇದ್ದವು. ನಾವು ಹೊರಡುವ ಹೊತ್ತಿಗೆ ಅಮ್ಮ ಅವುಗಳಲ್ಲಿ ಪ್ರಶ್ನೆ ಬರೆದಿದ್ದಳು. ಕಬ್ಬಿಣದ ಮರದ ಎದುರು: 'ಈ ಮರಕ್ಕೆ ನೀರು ಬಿಡುವವರು ಯಾರು? ಎಳನೀರು ಸಿಗುತ್ತದೆಯೇ?' ಮಲಗಿದ ಪ್ರಯಾಣಿಕನ ಎದುರು: 'ಇವನಿಗೆ ವಿಮಾನ ತಪ್ಪಲಿಲ್ಲವೇ?' ನಾಲ್ಕು ಭಾಷೆಯ ಫಲಕದ ಎದುರು ಪ್ರಶ್ನೆ ಇರಲಿಲ್ಲ. ಐದನೆಯ ಸಾಲಾಗಿ 'ಅಪಾಯ' ಎಂದು ದುಂಡಗೆ ಬರೆದಿದ್ದಳು.

ಈಗ ಆ ಪುಸ್ತಕ ಸ್ಪೀಡ್ ಪೋಸ್ಟ್‌ನಲ್ಲಿ ಅರಸೀಕೆರೆಗೂ ಚೆನ್ನೈಗೂ ಓಡಾಡುತ್ತಿದೆ. ಪ್ರಶ್ನೆಗೆ ಉತ್ತರ, ಉತ್ತರಕ್ಕೆ ಮರುಪ್ರಶ್ನೆ. ಮೊದಲು ಫೋನಿನಲ್ಲಿ 'ಊಟ ಆಯ್ತಾ?' 'ಆಯ್ತು' ಎಂಬಲ್ಲಿಗೆ ಅಜ್ಜಿ ಮೊಮ್ಮಗಳ ಮಾತು ಮುಗಿದು ಫೋನು ನನ್ನ ಕೈಗೆ ಬರುತ್ತಿತ್ತು. ಈಗ ನನ್ನ ಸರದಿ ತಡವಾಗಿ ಬರುತ್ತದೆ. ಹಾಗೆಂದು ಎಲ್ಲ ಸರಿಹೋಯಿತು ಅಂತಲ್ಲ. ಮಗಳ ಮಾತಿನಲ್ಲಿ ಇಂಗ್ಲಿಷ್ ಅರ್ಧ ಹಾಗೇ ಇದೆ. ಪೇಪರ್ ಕೊಟ್ಟರೆ ಎರಡು ಸಾಲಿಗೆ ಸುಸ್ತಾಗುತ್ತಾಳೆ. ತಾನು ಬರೆದದ್ದನ್ನು ಅಜ್ಜಿ ಓದುತ್ತಾಳೆ ಎಂಬುದು ಮಾತ್ರ ಅವಳಿಗೆ ಗೊತ್ತು.

ದೂರದ ದೇಶ ನೋಡಿ ಬಂದು ಊರವರಿಗೆ ಹೇಳುವುದು ಕನ್ನಡಕ್ಕೆ ಹೊಸದಲ್ಲ. ಗೊರೂರರ 'ಅಮೆರಿಕದಲ್ಲಿ ಗೊರೂರು' ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಶಿವರಾಮ ಕಾರಂತರು ಮಕ್ಕಳಿಗಾಗಿಯೇ 'ಬಾಲಪ್ರಪಂಚ'ದ ಮೂರು ಸಂಪುಟ ಮಾಡಿದರು. ಇಂದಿನ ಪುಟ್ಟ ಮಕ್ಕಳಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಚೆನ್ನೈನ ತೂಲಿಕಾ ಪ್ರಕಾಶನ ಇಂಗ್ಲಿಷ್–ಕನ್ನಡ ಎರಡೂ ಇರುವ ಚಿತ್ರಪುಸ್ತಕ ತರುತ್ತದೆ. ಇವನ್ನು ಕೊಳ್ಳಿ, ಓದಿಸಿ. ಅದರ ಜೊತೆಗೆ ನಿಮ್ಮ ಮನೆಯದೂ ಒಂದಿರಲಿ. ಎಂಟು ಎ4 ಹಾಳೆ ಮಧ್ಯಕ್ಕೆ ಮಡಚಿ ಒಂದರೊಳಗೊಂದು ಇಟ್ಟು ಹೊಲಿದರೆ 32 ಪುಟ. ಸಾಮಾನ್ಯ ಚಿತ್ರಪುಸ್ತಕದ ಅಳತೆಯೂ ಅದೇ. ಬಲಕ್ಕೆ ಚಿತ್ರ ಮತ್ತು ಒಂದು ಸಾಲು, ಎಡಕ್ಕೆ ಖಾಲಿ. ವಿದೇಶವೇ ಆಗಬೇಕೆಂದಿಲ್ಲ. ಪುಣೆಯ ಪೇಟೆಯಾದರೂ ಸರಿ, ಮುಂಬೈ ಲೋಕಲ್ ಆದರೂ ಸರಿ. ಊರಿನಲ್ಲಿ ಅದನ್ನು ಓದುವವರ ಹೆಸರನ್ನು ಮಾತ್ರ ಮೊದಲ ಪುಟದಲ್ಲೇ ಬರೆಸಿ.

ಕೊನೆಗೊಂದು ವಿಷಯ. ಷಾಷೆಕ್ ಅಷ್ಟು ಊರುಗಳ ಪುಸ್ತಕ ಮಾಡಿದರಲ್ಲ, ಆ ಹದಿನೆಂಟರಲ್ಲಿ ಅವರು ಹುಟ್ಟಿದ ಪ್ರಾಗ್ ಇಲ್ಲ. ಮಗಳಿಗೆ ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಯೋಚಿಸಿ, 'ಪಾಪ, ಅವರಿಗೆ ವಾಪಸ್ ಹೋಗಕ್ಕೆ ಆಗಲಿಲ್ವಾ?' ಅಂದಳು. ನಮಗೇನು, ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಬೆಂಗಳೂರು, ಮಧ್ಯಾಹ್ನದೊಳಗೆ ಮನೆ.

ಕಳೆದ ವಾರ ಬಂದ ಅಂಚೆಯಲ್ಲಿ ಸಿಂಗಪುರದ ಪುಸ್ತಕದ ಜೊತೆ ಅಮ್ಮ ಎಂಟು ಖಾಲಿ ಹಾಳೆಗಳನ್ನು ಮಡಚಿ ಹೊಲಿದು ಕಳಿಸಿದ್ದಾಳೆ. ಮೇಲೆ ಹೆಸರೂ ಬರೆದಿದ್ದಾಳೆ: 'ಇದು ಅರಸೀಕೆರೆ'. ಮೊದಲ ಪುಟದಲ್ಲಿ ಒಂದು ಪಟ್ಟಿ: ರೈಲು ಜಂಕ್ಷನ್, ಕೊಬ್ಬರಿ ಮಾರ್ಕೆಟ್, ಈಶ್ವರ ದೇವಸ್ಥಾನದ ನಕ್ಷತ್ರದಂಥ ಮಂಟಪ, ನಮ್ಮ ಕರು. ಕೆಳಗೆ ಒಂದು ಸಾಲು: 'ಬೇಸಿಗೆ ರಜೆಗೆ ಬಾ. ನಾನು ತೋರಿಸುತ್ತೇನೆ, ನೀನು ಬರಿ.'

ಮಗಳು ಅದನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ನಾನು ಹೇಳಿಕೊಡಲಿಲ್ಲ. ರಜೆಯ ಅರ್ಜಿ ಹಾಕಿದ್ದೇನೆ.